ಮಾದರಿ ವಿಮಾನದ ಬಿಳಿ ಹೊಗೆ: ಎಣ್ಣೆ ಹೆಚ್ಚು ಬಿಟ್ಟರೆ ಹೊಗೆ ಹೆಚ್ಚಾಗುತ್ತದೆಯೇ?

ರಿಮೋಟ್‌ನಲ್ಲಿ ಹಾರಿಸುವ ಮಾದರಿ ವಿಮಾನವೊಂದು ಮೈದಾನದ ಮೇಲೆ ಪಲ್ಟಿ ಹೊಡೆಯುತ್ತಾ ಉದ್ದನೆಯ ಬಿಳಿ ಗೆರೆ ಎಳೆಯುವ ವಿಡಿಯೊಗಳನ್ನು ನೀವು ನೋಡಿರಬಹುದು. ಅಂಥ ಒಂದು ವಿಡಿಯೊವನ್ನು ಅಜ್ಜಂಪುರದ ಕಡೆ ಅಡಿಕೆ ತೋಟ ಮಾಡಿರುವ ನನ್ನ ದೊಡ್ಡಪ್ಪನಿಗೆ ತೋರಿಸಿದೆ. "ಎಂಜಿನ್ ಹೋಗಿರಬೇಕು ಕಣಮ್ಮ, ಇಷ್ಟು ಹೊಗೆ ಕಾರ್ತಿದೆ" ಎಂದರು. ಎಂಜಿನ್ ಚೆನ್ನಾಗಿಯೇ ಇದೆ ದೊಡ್ಡಪ್ಪ, ಹೊಗೆಗೆ ಅಂತಲೇ ಬೇರೆ ಎಣ್ಣೆ ಬಿಡ್ತಾರೆ ಎಂದೆ. "ಹಾಗಾದ್ರೆ ಇನ್ನೂ ಸ್ವಲ್ಪ ಜಾಸ್ತಿ ಬಿಟ್ರೆ ಇನ್ನೂ ದಪ್ಪ ಬರುತ್ತೆ ಬಿಡು" ಎಂದರು.

ಎರಡೂ ಮಾತು ಕೇಳಲು ಸರಿಯಾಗಿಯೇ ಇವೆ. ಎರಡೂ ತಪ್ಪು. ಮೊದಲನೆಯದು ತಪ್ಪಾದರೆ ನಷ್ಟವೇನಿಲ್ಲ. ಎರಡನೆಯದನ್ನು ನಂಬಿ ಎಣ್ಣೆ ಹೆಚ್ಚಿಸುತ್ತಾ ಹೋದವರ ವಿಮಾನ ಎಣ್ಣೆಯಲ್ಲಿ ತೊಯ್ದು ಹಿಂದಿರುಗುತ್ತದೆ, ಕೆಲವೊಮ್ಮೆ ಎಂಜಿನ್ ಗಾಳಿಯಲ್ಲೇ ಸೊರಗುತ್ತದೆ, ಒಣಹುಲ್ಲಿನ ಬಯಲಾದರೆ ಬೆಂಕಿಯ ಅಪಾಯವೂ ಇದೆ.

ಚುಟುಕಾಗಿ ಉತ್ತರ ಇಷ್ಟು: ಈ ಹೊಗೆಯನ್ನು ಮಾಡುವುದು ಎಣ್ಣೆಯಲ್ಲ, ಶಾಖ. ಸೈಲೆನ್ಸರ್ ಎಷ್ಟು ಎಣ್ಣೆಯನ್ನು ಆವಿ ಮಾಡಬಲ್ಲದೋ ಅಷ್ಟು ಎಣ್ಣೆಯನ್ನು ಮಾತ್ರ ಬಿಡಬೇಕು. ಎಣ್ಣೆಯ ಹರಿವನ್ನು ಹತೋಟಿಯಲ್ಲಿಡುವ ಪಂಪು, ವಾಲ್ವು, ರಿಮೋಟ್‌ನ ಸೆಟ್ಟಿಂಗ್ ಎಲ್ಲವೂ ಇರುವುದು ಈ ಒಂದು ಕೆಲಸಕ್ಕೆ.

ಇದು ಸುಟ್ಟ ಹೊಗೆಯಲ್ಲ

ಒಲೆಯ ಹೊಗೆಯಲ್ಲಿ ಸರಿಯಾಗಿ ಉರಿಯದ ಇಂಗಾಲದ ಪುಡಿ, ಅಂದರೆ ಮಸಿ ಇರುತ್ತದೆ. ಮಸಿ ಬೆಳಕನ್ನು ಹೀರಿಕೊಳ್ಳುತ್ತದೆ, ಆದ್ದರಿಂದ ಆ ಹೊಗೆ ಕಪ್ಪಾಗಿ ಕಾಣುತ್ತದೆ. ವಿಮಾನದ ಬಿಳಿ ಹೊಗೆಯಲ್ಲಿ ಮಸಿ ಹೆಚ್ಚೇನೂ ಇಲ್ಲ. ಅದು ಎಣ್ಣೆಯ ಅತಿ ಸಣ್ಣ ಹನಿಗಳ ಮೋಡ. ಒಂದೊಂದು ಹನಿಯೂ ಸುಮಾರು ಒಂದು ಮೈಕ್ರಾನ್ ಆಸುಪಾಸಿನದು, ಎಂದರೆ ಒಂದು ಮಿಲಿಮೀಟರಿನ ಸಾವಿರದಲ್ಲಿ ಒಂದು ಭಾಗ. ಇಷ್ಟು ಸಣ್ಣ ಹನಿಗಳು ಬಿಸಿಲಿನ ಎಲ್ಲ ಬಣ್ಣಗಳನ್ನೂ ಎಲ್ಲ ದಿಕ್ಕಿಗೂ ಚದುರಿಸುವುದರಿಂದ ಬೆಳ್ಳಗೆ ಕಾಣುತ್ತವೆ. ಮಂಜು ಬೆಳ್ಳಗೆ ಕಾಣುವುದೂ ಹೀಗೆಯೇ.

ಹನಿಗಳು ಹುಟ್ಟುವ ಬಗೆ ಅಡುಗೆಮನೆಯಲ್ಲೇ ಇದೆ. ನೀರು ಕುದಿಯುವಾಗ ಕೆಟಲಿನ ಮೂತಿಯನ್ನು ಗಮನಿಸಿ. ಮೂತಿಗೆ ತೀರಾ ಹತ್ತಿರ ಏನೂ ಕಾಣುವುದಿಲ್ಲ, ಒಂದೆರಡು ಬೆರಳಿನಷ್ಟು ದೂರದಿಂದ ಬಿಳಿ ಹಬೆ ಶುರುವಾಗುತ್ತದೆ. ಕಾಣದಿರುವುದು ನಿಜವಾದ ಆವಿ. ಕಾಣುವುದು ಆ ಆವಿ ತಂಪು ಗಾಳಿ ತಾಕಿ ಮತ್ತೆ ಹನಿಯಾದದ್ದು. ಮಾದರಿ ವಿಮಾನದಲ್ಲಿ ನೀರಿನ ಬದಲು ತೆಳುವಾದ ಖನಿಜ ಎಣ್ಣೆ, ಒಲೆಯ ಬದಲು ಎಂಜಿನ್‌ನ ಬಿಸಿ ಸೈಲೆನ್ಸರ್. ಎಣ್ಣೆ ಸೈಲೆನ್ಸರಿನೊಳಗೆ ಆವಿಯಾಗುತ್ತದೆ, ಎಂಜಿನ್ ಬಿಟ್ಟ ಅನಿಲದ ಜೊತೆ ಹೊರಬರುತ್ತದೆ, ಗಾಳಿಯಲ್ಲಿ ತಣಿದು ಹನಿಯಾಗುತ್ತದೆ. ಸೈಲೆನ್ಸರಿನೊಳಗೆ ಆಮ್ಲಜನಕ ಬಹಳ ಕಡಿಮೆ ಇರುವುದರಿಂದಲೇ ಎಣ್ಣೆ ಅಲ್ಲಿ ಹೊತ್ತಿ ಉರಿಯದೆ ಆವಿಯಾಗಿ ಹೊರಡುತ್ತದೆ.

ದೊಡ್ಡ ವಿಮಾನಗಳಲ್ಲೂ ತತ್ವ ಇದೇ. ಭಾರತೀಯ ವಾಯುಪಡೆಯ ಸೂರ್ಯಕಿರಣ ತಂಡ 1996ರಲ್ಲಿ ಹುಟ್ಟಿದ್ದು ನಮ್ಮ ಬೀದರ್‌ನಲ್ಲಿ. ಮೊದಲು ಎಚ್ಎಎಲ್‌ನ ಕಿರಣ್ ವಿಮಾನಗಳನ್ನು ಹಾರಿಸುತ್ತಿದ್ದ ತಂಡ 2011ರಲ್ಲಿ ನಿಂತು, 2015ರಲ್ಲಿ ಹಾಕ್ ವಿಮಾನಗಳೊಂದಿಗೆ ಮತ್ತೆ ಬಂತು. ಯಲಹಂಕದ ಏರೋ ಇಂಡಿಯಾದಲ್ಲಿ ಆ ತಂಡ ಎಳೆಯುವ ಗೆರೆಗಳೂ ಬಿಸಿ ಜೆಟ್ ಅನಿಲಕ್ಕೆ ಡೀಸೆಲ್ ಬಿಟ್ಟು ಮಾಡಿದವು. ಬಣ್ಣ ಬೇಕಾದಾಗ ಅದಕ್ಕೆ ಬಣ್ಣದ ಪುಡಿ ಸೇರುತ್ತದೆ. ಪೈಲಟ್ ಗುಂಡಿ ಒತ್ತಿದರೆ ಹೊಗೆ, ಬಿಟ್ಟರೆ ಇಲ್ಲ.

ಆಕಾಶದ ಬೇರೆ ಗೆರೆಗಳು

ಕಡೂರು, ಅಜ್ಜಂಪುರದಂಥ ಮಳೆ ಕಡಿಮೆಯ ಊರುಗಳಲ್ಲಿ ಆಕಾಶದ ಬಿಳಿ ಗೆರೆ ಕಂಡರೆ "ಔಷಧಿ ಹೊಡೆದು ಮೋಡ ಓಡಿಸ್ತಾರೆ" ಎನ್ನುವವರು ಸಿಗುತ್ತಾರೆ. ಇಲ್ಲಿ ಮೂರು ಬೇರೆ ಬೇರೆ ಸಂಗತಿಗಳು ಬೆರೆತುಹೋಗಿವೆ.

ಪ್ರಯಾಣಿಕರ ಜೆಟ್ ವಿಮಾನಗಳ ಹಿಂದೆ ಕಾಣುವ ಗೆರೆ ಎಣ್ಣೆಯದಲ್ಲ. ಇಂಧನ ಉರಿದಾಗ ಹುಟ್ಟುವ ನೀರಾವಿ, ಬಹಳ ಎತ್ತರದ ಕೊರೆಯುವ ಚಳಿಯಲ್ಲಿ ಮಂಜುಗಡ್ಡೆಯ ಹರಳಾಗಿ ಕಾಣುವುದು ಅದು. ಮೋಡ ಬಿತ್ತನೆ ಇನ್ನೊಂದು. ಕರ್ನಾಟಕ ಸರ್ಕಾರ 2017ರಲ್ಲಿ ನಡೆಸಿದ 'ವರ್ಷಧಾರೆ' ಇದಕ್ಕೆ ಉದಾಹರಣೆ. ಅದರ ಉದ್ದೇಶ ಮೋಡದಿಂದ ಮಳೆ ತರಿಸುವುದು, ಓಡಿಸುವುದಲ್ಲ. ಮೂರನೆಯದು ಪ್ರದರ್ಶನದ ಎಣ್ಣೆ ಹೊಗೆ. ಒಂದು ಮಾದರಿ ವಿಮಾನ ಒಂದು ಹಾರಾಟದಲ್ಲಿ ಬಿಡುವ ಎಣ್ಣೆ ಅರ್ಧ ಲೀಟರಿನಷ್ಟು. ಅದು ಕೆಲವೇ ನಿಮಿಷಗಳಲ್ಲಿ ಗಾಳಿಯಲ್ಲಿ ಚದುರಿಹೋಗುತ್ತದೆ. ಅದರಿಂದ ಮೋಡಕ್ಕೆ ಆಗುವುದೂ ಹೋಗುವುದೂ ಏನಿಲ್ಲ.

ದೋಸೆ ಕಾವಲಿಯ ಪಾಠ

ದೋಸೆ ಹುಯ್ಯುವ ಮೊದಲು ಕಾವಲಿಗೆ ನಾಲ್ಕು ಹನಿ ನೀರು ಚಿಮುಕಿಸುತ್ತೇವೆ. ಚೊಯ್ ಎಂದು ಕ್ಷಣದಲ್ಲಿ ಆವಿಯಾಗುತ್ತದೆ. ಅದೇ ಕಾವಲಿಗೆ ಒಂದು ಲೋಟ ನೀರು ಸುರಿದರೆ ಹತ್ತು ಪಟ್ಟು ಹಬೆ ಬರುತ್ತದೆಯೇ? ಇಲ್ಲ. ಮೊದಲು ಒಂದಿಷ್ಟು ಹಬೆ ಏಳುತ್ತದೆ, ಕಾವಲಿ ತಣಿಯುತ್ತದೆ, ಉಳಿದ ನೀರು ಹಾಗೇ ಅಂಚಿನಿಂದ ಹರಿದು ಒಲೆಗೆ ಬೀಳುತ್ತದೆ. ಸೈಲೆನ್ಸರಿಗೆ ಎಣ್ಣೆ ಹೆಚ್ಚಾದರೆ ಆಗುವುದು ಇದೇ.

ಒಂದು ಸರಳ ಲೆಕ್ಕ ಹಾಕೋಣ. ನಿಮಿಷಕ್ಕೆ 100 ಮಿಲಿಲೀಟರ್ ಎಣ್ಣೆ ಬಿಡುತ್ತಿದ್ದೇವೆ ಎಂದುಕೊಳ್ಳಿ. ಅದರ ತೂಕ ಸುಮಾರು 85 ಗ್ರಾಂ. ಅದನ್ನು 30 ಡಿಗ್ರಿಯಿಂದ ಸುಮಾರು 300 ಡಿಗ್ರಿ ಸೆಲ್ಸಿಯಸ್‌ಗೆ ಏರಿಸಿ, ಆಮೇಲೆ ಆವಿ ಮಾಡಬೇಕು. ಬಿಸಿ ಮಾಡಲು 50 ಕಿಲೋಜೂಲ್, ಆವಿ ಮಾಡಲು ಇನ್ನೊಂದು 20 ಕಿಲೋಜೂಲ್, ಒಟ್ಟು 70 ಕಿಲೋಜೂಲ್ ಆಸುಪಾಸು. ಇದನ್ನು ಪ್ರತಿ ನಿಮಿಷವೂ ಕೊಡಬೇಕೆಂದರೆ ಸುಮಾರು 1.2 ಕಿಲೋವ್ಯಾಟ್ ಶಾಖ ಬೇಕು. ಬಕೆಟ್ ನೀರು ಕಾಯಿಸುವ ಕಾಯಿಲ್ ಒಂದನ್ನು ಸೈಲೆನ್ಸರಿನೊಳಗೆ ಇಟ್ಟಂತಾಯಿತು.

50 ಸಿಸಿಯ ಪೆಟ್ರೋಲ್ ಮಾದರಿ ಎಂಜಿನ್ ಪೂರ್ತಿ ವೇಗದಲ್ಲಿ ಕೊಡುವ ಶಕ್ತಿ ಸುಮಾರು 4 ಕಿಲೋವ್ಯಾಟ್. ಹೆಚ್ಚುಕಡಿಮೆ ಅಷ್ಟೇ ಅಥವಾ ಅದಕ್ಕಿಂತ ಹೆಚ್ಚು ಶಾಖ ಸೈಲೆನ್ಸರಿನ ದಾರಿಯಲ್ಲಿ ಹೊರಹೋಗುತ್ತದೆ. ಅದರಲ್ಲಿ 1.2 ಕಿಲೋವ್ಯಾಟ್ ಎಣ್ಣೆಗೆ ಸಿಗಬಹುದು. ಆದರೆ ವಿಮಾನ ಕೆಳಗಿಳಿಯುವಾಗ ಎಂಜಿನ್ ಕಾಲು ಭಾಗ ಶಕ್ತಿಯಲ್ಲಿದ್ದರೆ? ಆಗ ಹೊರಹೋಗುವ ಒಟ್ಟು ಶಾಖವೇ 1 ಕಿಲೋವ್ಯಾಟ್ ಆಸುಪಾಸು. ಅಷ್ಟನ್ನೂ ಹಿಡಿದರೂ ಎಣ್ಣೆಗೆ ಸಾಲದು. ಹಾಗಾಗಿ ಮೇಲೇರುವಾಗ ದಪ್ಪ ಹೊಗೆ ಕೊಟ್ಟ ಅದೇ ಹರಿವು, ಇಳಿಯುವಾಗ ಬರೀ ಎಣ್ಣೆಯಾಗಿ ಸೋರುತ್ತದೆ.

ಬ್ಯಾಟರಿಯಲ್ಲಿ ಓಡುವ ಮಾದರಿ ವಿಮಾನಗಳಲ್ಲಿ ಈ ವ್ಯವಸ್ಥೆ ಸಾಮಾನ್ಯವಾಗಿ ಇಲ್ಲದಿರುವುದಕ್ಕೂ ಕಾರಣ ಇದೇ. ಅಲ್ಲಿ ಬಿಸಾಡುವ ಶಾಖವೇ ಇಲ್ಲ. ಎಣ್ಣೆ ಕಾಯಿಸಲು ಬೇಕಾದ ವಿದ್ಯುತ್ತನ್ನೂ ಹಾರಿಸುವ ಬ್ಯಾಟರಿಯಿಂದಲೇ ಕೀಳಬೇಕಾಗುತ್ತದೆ.

ಎಣ್ಣೆಯ ದಾರಿ

ತರೀಕೆರೆ, ಅಜ್ಜಂಪುರದ ತೋಟಗಳಲ್ಲಿ ಡ್ರಿಪ್ ಹಾಕಿಸಿದವರಿಗೆ ಈ ವ್ಯವಸ್ಥೆ ಹೊಸದೆನಿಸುವುದಿಲ್ಲ. ಟ್ಯಾಂಕು, ಫಿಲ್ಟರು, ಪಂಪು, ಹಿಂದಕ್ಕೆ ಹರಿಯದಂತೆ ತಡೆಯುವ ವಾಲ್ವು, ಸಣ್ಣ ಪೈಪು, ಕೊನೆಯಲ್ಲೊಂದು ಕಿರಿದಾದ ರಂಧ್ರ. ಅಳತೆಯೂ ಹತ್ತಿರದ್ದೇ. ಗಂಟೆಗೆ 4 ಲೀಟರಿನ ಡ್ರಿಪ್ಪರ್ ಎಂದರೆ ನಿಮಿಷಕ್ಕೆ 67 ಮಿಲಿಲೀಟರ್. 8 ಲೀಟರಿನದು ನಿಮಿಷಕ್ಕೆ 133. ನಮ್ಮ ಲೆಕ್ಕದ 100 ಮಿಲಿಲೀಟರ್ ಇವೆರಡರ ನಡುವೆ ಬರುತ್ತದೆ. ಆಕಾಶದ ತುಂಬ ಹರಡುವ ಆ ಹೊಗೆಗೆ ಬೇಕಾಗಿರುವುದು ಒಂದು ಅಡಿಕೆ ಗಿಡದ ಬುಡಕ್ಕೆ ಬೀಳುವಷ್ಟು ಹನಿ.

*ಟ್ಯಾಂಕು:* ಅರ್ಧ ಲೀಟರಿನದು ಎಂದರೆ ತುಂಬಿದಾಗ 425 ಗ್ರಾಂ ಎಣ್ಣೆ. ಹಾರುತ್ತಾ ಇದು ಖಾಲಿಯಾಗುವುದರಿಂದ ವಿಮಾನದ ತೂಕ ಸಮನಾಗಿ ನಿಲ್ಲುವ ಜಾಗದ ಮೇಲೇ ಇಡಬೇಕು. ಮೂಗಿನಲ್ಲೋ ಬಾಲದಲ್ಲೋ ಇಟ್ಟರೆ ಹಾರಾಟದ ಮಧ್ಯೆ ಸಮತೋಲ ಬದಲಾಗುತ್ತದೆ. ವಿಮಾನ ತಲೆಕೆಳಗಾದರೂ ಎಣ್ಣೆ ಸಿಗಲೆಂದು ಒಳಗಿನ ಪೈಪಿನ ತುದಿಗೆ ಒಂದು ಭಾರದ ಗುಂಡು ಇರುತ್ತದೆ. ಎಣ್ಣೆ ಯಾವ ಕಡೆ ಹೋದರೆ ಅದೂ ಆ ಕಡೆ ಬೀಳುತ್ತದೆ.

*ಪಂಪು:* ಬ್ಯಾಟರಿಯಿಂದ ಓಡುವ ಸಣ್ಣ ಗೇರ್ ಪಂಪ್. ರಿಮೋಟ್‌ನ ಒಂದು ಚಾನೆಲ್ ಇದರ ವೇಗವನ್ನು ನಿರ್ಧರಿಸುತ್ತದೆ.

*ಚೆಕ್ ವಾಲ್ವು:* ಬೋರ್‌ವೆಲ್ ಪೈಪಿಗೆ ಹಾಕುವ ಎನ್ಆರ್‌ವಿ ಇದ್ದ ಹಾಗೆ. ಟ್ಯಾಂಕು ಸೈಲೆನ್ಸರಿಗಿಂತ ಎತ್ತರದಲ್ಲಿದ್ದರೆ ಪಂಪು ನಿಂತ ಮೇಲೂ ಎಣ್ಣೆ ತಾನಾಗಿಯೇ ಹರಿಯುತ್ತಲೇ ಇರಬಹುದು. ಕ್ಯಾನಿನಿಂದ ಪೈಪಿನಲ್ಲಿ ಡೀಸೆಲ್ ಇಳಿಸಿದವರಿಗೆ ಈ ಆಟ ಗೊತ್ತು. ಸ್ವಲ್ಪ ಒತ್ತಡ ಬಂದರೆ ಮಾತ್ರ ತೆರೆದುಕೊಳ್ಳುವ, ಸ್ಪ್ರಿಂಗ್ ಇರುವ ವಾಲ್ವು ಇದನ್ನು ತಡೆಯುತ್ತದೆ. ಸೈಲೆನ್ಸರಿನ ಬಿಸಿ ಅನಿಲ ಹಿಂದಕ್ಕೆ ಟ್ಯಾಂಕಿನ ಕಡೆ ಬರದಂತೆಯೂ ಇದು ಕಾಯುತ್ತದೆ.

*ಬಿಸಿ ಸುರುಳಿ:* ಕೆಲವು ಸೈಲೆನ್ಸರುಗಳಲ್ಲಿ ಎಣ್ಣೆಯ ಲೋಹದ ಪೈಪು ಒಳಗೇ ಸುತ್ತು ಹಾಕಿ ಬರುತ್ತದೆ. ಎಣ್ಣೆ ಹೊರಬೀಳುವ ಮೊದಲೇ ಚೆನ್ನಾಗಿ ಕಾಯುತ್ತದೆ. ಅಷ್ಟೇ ಎಣ್ಣೆಯಲ್ಲಿ ಹೆಚ್ಚು ಹೊಗೆ ಬೇಕೆಂದರೆ ಸರಿಯಾದ ದಾರಿ ಇದು. ಎಣ್ಣೆ ಹೆಚ್ಚಿಸುವುದಲ್ಲ, ಶಾಖ ಹೆಚ್ಚು ತಾಕುವಂತೆ ಮಾಡುವುದು.

ಹರಿವನ್ನು ಹತೋಟಿಗೆ ತರುವ ಮೂರು ದಾರಿ

ಮೊದಲನೆಯದು ಹಳೆಯದು ಮತ್ತು ಅಗ್ಗದ್ದು. ಸೈಲೆನ್ಸರಿನೊಳಗಿನ ಒತ್ತಡವನ್ನು ಒಂದು ಪೈಪಿನಲ್ಲಿ ಎಣ್ಣೆ ಟ್ಯಾಂಕಿಗೆ ಕೊಡುತ್ತಾರೆ. ಆ ಒತ್ತಡವೇ ಎಣ್ಣೆಯನ್ನು ನೂಕುತ್ತದೆ. ಹೊರಹೋಗುವ ರಬ್ಬರ್ ಪೈಪನ್ನು ಒಂದು ಸಣ್ಣ ಸರ್ವೋ ಮೋಟಾರು ಹಿಸುಕಿ ಮುಚ್ಚುತ್ತದೆ, ಬೇಕಾದಾಗ ಬಿಡುತ್ತದೆ. ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿದಾಗ ನರ್ಸ್ ಪೈಪಿನ ಮೇಲಿನ ಚಕ್ರ ಉರುಳಿಸಿ ಹನಿ ಹೆಚ್ಚುಕಡಿಮೆ ಮಾಡುತ್ತಾರಲ್ಲ, ಅದೇ ಉಪಾಯ. ಎಂಜಿನ್ ವೇಗ ಇಳಿದಾಗ ಒತ್ತಡವೂ ಇಳಿದು ಹರಿವು ತಾನಾಗಿ ಕಡಿಮೆಯಾಗುವುದು ಇದರ ಗುಣ. ಒತ್ತಡವೇ ಕಡಿಮೆ ಇರುವುದರಿಂದ ಹರಿವು ಸ್ಥಿರವಾಗಿರದಿರುವುದು ಇದರ ದೋಷ.

ಎರಡನೆಯದು ಸೂಜಿ ವಾಲ್ವು. ಒಂದೇ ವೇಗದಲ್ಲಿ ಓಡುವ ಪಂಪು, ಅದರ ಮುಂದೆ ತಿರುಪಿನಿಂದ ಕಿರಿದು ಮಾಡಬಲ್ಲ ರಂಧ್ರ. ತೋಟದ ಗೇಟ್ ವಾಲ್ವನ್ನು ಅರ್ಧ ತಿರುಗಿಸಿ ಬಿಟ್ಟಂತೆ. ನೆಲದ ಮೇಲೆ ಒಮ್ಮೆ ಹೊಂದಿಸಿದರೆ ಹಾರಾಟದಲ್ಲಿ ಬದಲಿಸಲಾಗದು.

ಮೂರನೆಯದು ಪಂಪಿನ ವೇಗವನ್ನೇ ರಿಮೋಟ್‌ನಿಂದ ಬದಲಿಸುವುದು. ಈಗಿನ ದೊಡ್ಡ ಮಾದರಿ ವಿಮಾನಗಳಲ್ಲಿ ಇದೇ ಹೆಚ್ಚು ಅನುಕೂಲ. ಯಾಕೆಂದರೆ ಇದನ್ನು ಎಂಜಿನ್‌ನ ಥ್ರಾಟಲ್‌ಗೆ ಜೋಡಿಸಬಹುದು.

ಈ ಜೋಡಣೆಯಲ್ಲೇ ಕೆಲಸದ ತಿರುಳಿದೆ. ಈಗಿನ ರಿಮೋಟ್‌ಗಳಲ್ಲಿ ಒಂದು ಚಾನೆಲ್ ಇನ್ನೊಂದನ್ನು ಅನುಸರಿಸುವಂತೆ ಮಾಡುವ ಮಿಕ್ಸಿಂಗ್ ಸೌಲಭ್ಯ ಇರುತ್ತದೆ. ಅದರಲ್ಲಿ ನಾಲ್ಕು ನಿಯಮ ಹಾಕಬೇಕು.

1. ಹೊಗೆಯ ಸ್ವಿಚ್ ಆಫ್ ಇದ್ದರೆ ಪಂಪು ಯಾವ ಸ್ಥಿತಿಯಲ್ಲೂ ಓಡಬಾರದು.
2. ಸ್ವಿಚ್ ಆನ್ ಇದ್ದರೂ ಥ್ರಾಟಲ್ ಸುಮಾರು ಅರ್ಧಕ್ಕಿಂತ ಕೆಳಗಿದ್ದರೆ ಪಂಪು ನಿಲ್ಲಬೇಕು.
3. ಅರ್ಧದಿಂದ ಪೂರ್ತಿ ಥ್ರಾಟಲ್‌ವರೆಗೆ ಹರಿವು ಮೆಲ್ಲಗೆ ಏರಬೇಕು.
4. ರಿಮೋಟ್‌ನ ಸಂಪರ್ಕ ತಪ್ಪಿದರೆ ಪಂಪು ತಾನಾಗಿ ನಿಲ್ಲಬೇಕು.

ನಾಲ್ಕನೆಯದನ್ನು ಮರೆಯುವವರೇ ಹೆಚ್ಚು. ಸಂಪರ್ಕ ತಪ್ಪಿದ ವಿಮಾನ ಬೀಳುವ ಸಾಧ್ಯತೆ ಇದೆ. ಬೀಳುವಾಗ ಬಿಸಿ ಸೈಲೆನ್ಸರಿಗೆ ಪಂಪು ಇನ್ನೂ ಎಣ್ಣೆ ಕೊಡುತ್ತಿದ್ದರೆ ಅದು ಬೆಂಕಿಗೆ ಕೊಟ್ಟ ಆಹ್ವಾನ.

ಅಳೆದು ಹೊಂದಿಸುವುದು ಹೇಗೆ?

ಕಣ್ಣಂದಾಜು ಬೇಡ. ಎಂಜಿನ್ ಆಫ್ ಇರುವಾಗ ಎಣ್ಣೆ ಪೈಪನ್ನು ಸೈಲೆನ್ಸರಿನಿಂದ ಬಿಚ್ಚಿ, ಔಷಧಿ ಅಂಗಡಿಯಲ್ಲಿ ಸಿಗುವ ಅಳತೆ ಬಟ್ಟಲಿಗೋ ದೊಡ್ಡ ಸಿರಿಂಜಿಗೋ ಬಿಡಿ. ಪಂಪನ್ನು ಪೂರ್ತಿ ವೇಗದಲ್ಲಿ 30 ಸೆಕೆಂಡ್ ಓಡಿಸಿ. ಬಂದದ್ದನ್ನು ಎರಡರಿಂದ ಗುಣಿಸಿದರೆ ನಿಮಿಷದ ಹರಿವು. ಅರ್ಧ ವೇಗದಲ್ಲೂ ಹೀಗೇ ಅಳೆದು ಬರೆದಿಟ್ಟುಕೊಳ್ಳಿ. ಪೈಪು ಬಿಚ್ಚದೆ ತಣ್ಣನೆಯ ಸೈಲೆನ್ಸರಿಗೆ ಪಂಪು ಓಡಿಸಬಾರದು. ಅಲ್ಲಿ ತುಂಬಿಕೊಂಡ ಎಣ್ಣೆ ಎಂಜಿನ್‌ನ ಸಿಲಿಂಡರಿಗೆ ಇಳಿಯಬಹುದು. ದ್ರವ ಒತ್ತಿದರೆ ಕುಗ್ಗುವುದಿಲ್ಲವಾದ್ದರಿಂದ, ಆಮೇಲೆ ಎಂಜಿನ್ ತಿರುಗಿಸಿದಾಗ ಒಳಗಿನ ಭಾಗ ಮುರಿಯುವ ಅಪಾಯವಿದೆ.

ಮೊದಲ ಹಾರಾಟಕ್ಕೆ ಕಡಿಮೆ ಹರಿವಿನಿಂದಲೇ ಶುರು ಮಾಡಿ. ಎಂಜಿನ್ ಒಂದೆರಡು ನಿಮಿಷ ಜೋರಾಗಿ ಓಡಿ ಸೈಲೆನ್ಸರ್ ಕಾದ ಮೇಲೆ ಹೊಗೆ ಹಾಕಿ. ಆಮೇಲೆ ಪ್ರತಿ ಹಾರಾಟಕ್ಕೂ ಸ್ವಲ್ಪ ಸ್ವಲ್ಪ ಏರಿಸುತ್ತಾ ಈ ಗುರುತುಗಳನ್ನು ನೋಡಿ.

- ಹೊಗೆ ತೆಳ್ಳಗೆ, ತುಸು ನೀಲಿಯಾಗಿದೆ: ಎಣ್ಣೆ ಕಡಿಮೆ. ಹನಿಗಳು ತೀರಾ ಸಣ್ಣವಾದಾಗ ನೀಲಿ ಬೆಳಕು ಹೆಚ್ಚು ಚದುರುತ್ತದೆ.
- ಸೈಲೆನ್ಸರಿನ ಬಾಯಿಯ ಬಳಿ ಸ್ವಲ್ಪ ಖಾಲಿ ಜಾಗ, ಆಮೇಲೆ ದಟ್ಟ ಬಿಳಿ: ಹರಿವು ಸರಿಯಾಗಿದೆ. ಕೆಟಲಿನ ಮೂತಿಯನ್ನು ನೆನಪಿಸಿಕೊಳ್ಳಿ.
- ಮೊದಲು ದಟ್ಟ, ಹತ್ತು ಹದಿನೈದು ಸೆಕೆಂಡಿನಲ್ಲಿ ತೆಳು: ಎಣ್ಣೆ ಹೆಚ್ಚಾಗಿ ಸೈಲೆನ್ಸರ್ ತಣಿಯುತ್ತಿದೆ. ಇಲ್ಲಿ ಹೊಗೆ ಕಡಿಮೆಯಾಯಿತೆಂದು ಪಂಪಿನ ವೇಗ ಏರಿಸುವುದೇ ಎಲ್ಲರೂ ಮಾಡುವ ತಪ್ಪು. ಇಳಿಸಬೇಕು.
- ಇಳಿದ ಮೇಲೆ ವಿಮಾನದ ಹೊಟ್ಟೆ, ಬಾಲ ಎಣ್ಣೆ ಜಿಡ್ಡು: ಎಣ್ಣೆ ಆವಿಯಾಗದೆ ಹೊರಬಿದ್ದಿದೆ. ಹರಿವು ಇಳಿಸಿ, ಅಥವಾ ಥ್ರಾಟಲ್‌ನ ಮಿತಿಯನ್ನು ಮೇಲೇರಿಸಿ.
- ಹೊಗೆ ಹಾಕಿದೊಡನೆ ಎಂಜಿನ್ ಸದ್ದು ಕುಗ್ಗುತ್ತದೆ: ಆವಿ ಮತ್ತು ಎಣ್ಣೆ ಸೇರಿ ಸೈಲೆನ್ಸರಿನ ದಾರಿ ಕಟ್ಟುತ್ತಿದೆ. ತಕ್ಷಣ ಹೊಗೆ ನಿಲ್ಲಿಸಿ ಇಳಿಸಿ.
- ಸ್ವಿಚ್ ಆಫ್ ಮಾಡಿದ ಮೇಲೂ ಹೊಗೆಯ ಎಳೆ ನಿಲ್ಲುವುದಿಲ್ಲ: ಚೆಕ್ ವಾಲ್ವು ಇಲ್ಲ, ಅಥವಾ ಕಸ ಸಿಕ್ಕಿ ಕೆಟ್ಟಿದೆ.

ನಿನ್ನೆ ಸರಿಯಿತ್ತು, ಇವತ್ತು ಯಾಕೆ ಇಲ್ಲ?

ಮೂರು ಕಾರಣಗಳು ಪದೇ ಪದೇ ಕಾಡುತ್ತವೆ.

ಒಂದು, ಎಣ್ಣೆಯ ದಪ್ಪ, ಪಠ್ಯಪುಸ್ತಕದ ಮಾತಿನಲ್ಲಿ ಸ್ನಿಗ್ಧತೆ. ಚಳಿಗಾಲದಲ್ಲಿ ತೆಂಗಿನೆಣ್ಣೆ ಬಾಟಲಿಯಿಂದ ಇಳಿಯದೆ ಸತಾಯಿಸುತ್ತದೆ. ಹೊಗೆಯ ಎಣ್ಣೆ ಗಟ್ಟಿಯಾಗುವುದಿಲ್ಲ, ಆದರೆ 20 ಡಿಗ್ರಿಯಲ್ಲಿ ಇರುವ ಅದರ ದಪ್ಪ 40 ಡಿಗ್ರಿಗೆ ಬರುವಾಗ ಸುಮಾರು ಅರ್ಧಕ್ಕೆ ಇಳಿಯಬಹುದು. ಕಡೂರಿನ ಜನವರಿಯ ಬೆಳಗಿನಲ್ಲಿ ಹೊಂದಿಸಿದ ವಾಲ್ವು ಏಪ್ರಿಲ್ ಮಧ್ಯಾಹ್ನಕ್ಕೆ ಹೆಚ್ಚು ಎಣ್ಣೆ ಬಿಡುತ್ತದೆ. ಒತ್ತಡದಿಂದ ನೂಕುವ ಟ್ಯಾಂಕು ಮತ್ತು ಸೂಜಿ ವಾಲ್ವಿನಲ್ಲಿ ಈ ವ್ಯತ್ಯಾಸ ಜೋರು. ಗೇರ್ ಪಂಪು ಪ್ರತಿ ಸುತ್ತಿಗೂ ಇಷ್ಟೇ ಎಂದು ಅಳೆದು ನೂಕುವುದರಿಂದ ಅದರಲ್ಲಿ ಕಡಿಮೆ.

ಎರಡು, ಬ್ಯಾಟರಿ. ಚಾರ್ಜ್ ಇಳಿದಂತೆ ಪಂಪಿನ ಮೋಟಾರು ನಿಧಾನವಾಗುತ್ತದೆ. ಪಂಪಿಗೆ ಸ್ಥಿರ ವೋಲ್ಟೇಜ್ ಕೊಡುವ ರೆಗ್ಯುಲೇಟರ್ ಇದ್ದರೆ ಈ ತೊಂದರೆ ಇಲ್ಲ.

ಮೂರು, ಪೈಪಿನ ಒಳ ಅಗಲ. ಇಲ್ಲಿನ ನಿಯಮ ತುಸು ಅಚ್ಚರಿಯದು. ಸಣ್ಣ ಪೈಪಿನಲ್ಲಿ ನಿಧಾನವಾಗಿ ಹರಿಯುವ ದ್ರವದ ಹರಿವು, ಒತ್ತಡ ಅಷ್ಟೇ ಇದ್ದರೆ, ಪೈಪಿನ ಒಳವ್ಯಾಸದ ನಾಲ್ಕನೆಯ ಘಾತಕ್ಕೆ ತಕ್ಕಂತೆ ಬದಲಾಗುತ್ತದೆ. ವ್ಯಾಸ ಎರಡು ಪಟ್ಟಾದರೆ ಹರಿವು ಹದಿನಾರು ಪಟ್ಟು. ಪೈಪು ಹಳೆಯದಾಯಿತೆಂದು ಸ್ವಲ್ಪ ದೊಡ್ಡದನ್ನು ಹಾಕಿದವರಿಗೆ ಹಳೆಯ ಸೆಟ್ಟಿಂಗ್ ಏಕೆ ಕೆಲಸಕ್ಕೆ ಬರುವುದಿಲ್ಲ ಎಂಬುದಕ್ಕೆ ಇದೇ ಉತ್ತರ. ಏನೇ ಬದಲಿಸಿದರೂ ಬಟ್ಟಲಿನ ಅಳತೆ ಮತ್ತೊಮ್ಮೆ ಮಾಡಲೇಬೇಕು.

ಯಾವ ಎಣ್ಣೆ? ಆರೋಗ್ಯದ ಮಾತೇನು?

ಇದಕ್ಕೆಂದೇ ಸಿಗುವ ಎಣ್ಣೆ ತೆಳುವಾದ, ಶುದ್ಧೀಕರಿಸಿದ ಖನಿಜ ಎಣ್ಣೆ. "ಸೀಮೆಎಣ್ಣೆ, ಡೀಸೆಲ್ ಹಾಕಿದರೂ ಹೊಗೆ ಬರುತ್ತದೆ" ಎನ್ನುವುದು ನಿಜ. ಹಾಗೆಂದು ಹಾಕಬಹುದು ಎಂದಲ್ಲ. ಕಿಡಿ ತಾಕಿದರೆ ಹೊತ್ತಿಕೊಳ್ಳುವಷ್ಟು ಆವಿ ಸೀಮೆಎಣ್ಣೆಯಿಂದ 40 ಡಿಗ್ರಿ ಆಸುಪಾಸಿನಲ್ಲೇ ಹೊರಡುತ್ತದೆ. ಬಿಸಿಲಿನಲ್ಲಿ ನಿಲ್ಲಿಸಿದ ವಿಮಾನದ ಹೊಟ್ಟೆಯೊಳಗೆ ಅಷ್ಟು ಬಿಸಿಯಾಗಲು ಹೆಚ್ಚು ಹೊತ್ತು ಬೇಡ. ಹೊಗೆಗೆಂದೇ ಮಾಡಿದ ಎಣ್ಣೆಗಳಲ್ಲಿ ಈ ಮಟ್ಟ ಸಾಮಾನ್ಯವಾಗಿ 100 ಡಿಗ್ರಿಗಿಂತ ಮೇಲಿರುತ್ತದೆ. ವಾಯುಪಡೆಯವರು ಡೀಸೆಲ್ ಬಳಸುತ್ತಾರಲ್ಲ ಎಂದರೆ, ಅಲ್ಲಿ ಅದಕ್ಕೆ ತಕ್ಕ ಟ್ಯಾಂಕು, ಪೈಪು, ತಪಾಸಣೆ ಮಾಡುವ ಸಿಬ್ಬಂದಿ ಎಲ್ಲ ಇದೆ. ಹೊಗೆ ಹಾಕುವವರೂ ನೋಡುವವರಿಂದ ದೂರದಲ್ಲಿರುತ್ತಾರೆ.

"ಬಿಳಿ ಹೊಗೆ, ಏನೂ ಆಗಲ್ಲ" ಎಂಬುದೂ ಪೂರ್ತಿ ನಿಜವಲ್ಲ. ಒಂದು ಮೈಕ್ರಾನ್ ಹನಿ ಶ್ವಾಸಕೋಶದ ಆಳದವರೆಗೂ ಹೋಗಬಲ್ಲದು. ಕಾರ್ಖಾನೆಗಳ ಗಾಳಿಯಲ್ಲಿ ಖನಿಜ ಎಣ್ಣೆಯ ಹನಿ ಘನ ಮೀಟರಿಗೆ 5 ಮಿಲಿಗ್ರಾಂ ಮೀರಬಾರದು ಎಂಬ ಮಿತಿ ಅಮೆರಿಕದಲ್ಲಿದೆ, ಅದೂ ದಿನಕ್ಕೆ ಎಂಟು ಗಂಟೆ ಕೆಲಸದ ಸರಾಸರಿಗೆ. ಬಯಲಿನಲ್ಲಿ, ಮೇಲೆ ಹಾರುವ ವಿಮಾನದ ಹೊಗೆ ಬೇಗ ಚದುರುವುದರಿಂದ ನೋಡುವವರು ಹೆದರಬೇಕಾಗಿಲ್ಲ. ಆದರೆ ನೆಲದ ಮೇಲೆ ನಿಂತ ವಿಮಾನದ ಹಿಂದೆ ಮಕ್ಕಳು ಹೊಗೆಯಲ್ಲಿ ಆಡುವುದು ಬೇಡ. ಶೆಡ್ಡಿನೊಳಗೆ ಪರೀಕ್ಷೆ ಮಾಡುವುದಂತೂ ಬೇಡವೇ ಬೇಡ. ಉಬ್ಬಸ ಇರುವವರು ಗಾಳಿ ಬೀಸುವ ಕಡೆಗೆ ಬೆನ್ನು ಮಾಡಿ, ವಿಮಾನಕ್ಕಿಂತ ಹಿಂದೆ ನಿಲ್ಲಲಿ. ಹೊಗೆ ಆಗ ಮುಂದಕ್ಕೆ ಹೋಗುತ್ತದೆ.

ನಿಜವಾದ ದೊಡ್ಡ ಅಪಾಯ ಬೇರೆಡೆ ಇದೆ. ಟ್ಯಾಂಕು ಖಾಲಿ ಮಾಡಲು ಪೈಪನ್ನು ಬಾಯಿಗಿಟ್ಟು ಎಳೆಯುವ ಅಭ್ಯಾಸ. ತೆಳುವಾದ ಎಣ್ಣೆ, ಸೀಮೆಎಣ್ಣೆ, ಡೀಸೆಲ್ ಯಾವುದೇ ಆಗಲಿ, ಒಂದು ಗುಟುಕು ತಪ್ಪಿ ಶ್ವಾಸನಾಳಕ್ಕೆ ಹೋದರೆ ಶ್ವಾಸಕೋಶಕ್ಕೆ ಉರಿಯೂತ ಬರುತ್ತದೆ, ಜೀವಕ್ಕೂ ಕುತ್ತಾಗಬಹುದು. ಹಾಗೇನಾದರೂ ಆದರೆ ವಾಂತಿ ಮಾಡಿಸಬೇಡಿ. ವಾಂತಿ ಮಾಡುವಾಗ ಎಣ್ಣೆ ಮತ್ತೆ ಶ್ವಾಸಕೋಶಕ್ಕೆ ಹೋಗುತ್ತದೆ. ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ. ಹೊಗೆ ಎಣ್ಣೆಯನ್ನು ನೀರಿನ ಬಾಟಲಿಯಲ್ಲಿ ತುಂಬಿಡಬೇಡಿ. ಅದಕ್ಕೆ ಬಣ್ಣವಿಲ್ಲ, ಮಕ್ಕಳು ನೀರೆಂದೇ ತಿಳಿಯುತ್ತಾರೆ.

ಒಣಹುಲ್ಲು ಮತ್ತು ಬಿಸಿ ಸೈಲೆನ್ಸರ್

2019ರ ಫೆಬ್ರವರಿ 23ರಂದು ಏರೋ ಇಂಡಿಯಾ ನಡೆಯುತ್ತಿದ್ದ ಯಲಹಂಕದಲ್ಲಿ ವಾಹನ ನಿಲುಗಡೆ ಜಾಗಕ್ಕೆ ಬೆಂಕಿ ಬಿದ್ದು ಸುಮಾರು 300 ಕಾರುಗಳು ಸುಟ್ಟುಹೋದವು. ಆ ಬೆಂಕಿಗೂ ವಿಮಾನಗಳ ಹೊಗೆಗೂ ಸಂಬಂಧವಿರಲಿಲ್ಲ. ಆದರೆ ಒಣಹುಲ್ಲು ಬೆಂಕಿಯನ್ನು ಎಷ್ಟು ಬೇಗ ಹಬ್ಬಿಸುತ್ತದೆ ಎಂಬುದನ್ನು ಅದು ತೋರಿಸಿತು. ಮಾದರಿ ವಿಮಾನದ ಸೈಲೆನ್ಸರೂ ನೂರಾರು ಡಿಗ್ರಿ ಕಾದಿರುತ್ತದೆ, ಅದರ ಪಕ್ಕದಲ್ಲೇ ಪೆಟ್ರೋಲ್ ಮತ್ತು ಎಣ್ಣೆಯ ಟ್ಯಾಂಕುಗಳಿರುತ್ತವೆ.

ಸೈಲೆನ್ಸರಿನೊಳಗೆ ಹೊತ್ತಿಕೊಳ್ಳದ ಎಣ್ಣೆ, ಪೈಪು ಕಳಚಿ ಹೊರಗಿನಿಂದ ಅದೇ ಬಿಸಿ ಲೋಹದ ಮೇಲೆ ಚಿಮ್ಮಿದರೆ ಹೊತ್ತಿಕೊಳ್ಳಬಹುದು. ಅಲ್ಲಿ ಗಾಳಿ ಧಾರಾಳವಾಗಿದೆ. ಆದ್ದರಿಂದ ಎಣ್ಣೆಗೆ ಉಬ್ಬಿ ಸಡಿಲವಾಗುವ ಸಿಲಿಕಾನ್ ಪೈಪು ಬೇಡ, ಪೆಟ್ರೋಲ್ ತಡೆಯುವಂಥದ್ದೇ ಇರಲಿ. ಸೈಲೆನ್ಸರಿನ ಹತ್ತಿರದ ತುಂಡು ತಾಮ್ರ ಅಥವಾ ಹಿತ್ತಾಳೆಯದಾಗಿರಲಿ. ಪ್ರತಿ ಜೋಡಣೆಗೂ ಕ್ಲಿಪ್ ಇರಲಿ.

ನಮ್ಮ ಕಡೆ ವಿಶಾಲ ಬಯಲೆಂದರೆ ಮೊದಲು ನೆನಪಾಗುವುದು ಅಮೃತಮಹಲ್ ಕಾವಲುಗಳು. ವಿಮಾನ ಹಾರಿಸಲು ಅವು ಜಾಗವಲ್ಲ. ಕಡೂರು ತಾಲ್ಲೂಕಿನ ಬಾಸೂರು ಕಾವಲು 2011ರಿಂದ ಕೃಷ್ಣಮೃಗಗಳ ಸಂರಕ್ಷಿತ ಪ್ರದೇಶ. ಅಲ್ಲಿ ಒಂದು ಕಿಡಿ ಬಿದ್ದರೆ ಸುಡುವುದು ಹುಲ್ಲಷ್ಟೇ ಅಲ್ಲ. ಬೀರೂರಿನಿಂದ ಅಜ್ಜಂಪುರದ ಕಡೆಗೂ ತರೀಕೆರೆಯ ಕಡೆಗೂ ಹೋಗುವ ರೈಲು ಹಳಿ, ವಿದ್ಯುತ್ ತಂತಿಗಳಿಂದಲೂ ದೂರವಿರಬೇಕು. ಹುಲ್ಲಿಲ್ಲದ, ಮಾಲೀಕರ ಒಪ್ಪಿಗೆ ಇರುವ ನೆಲ, ಕೈಗೆಟಕುವಂತೆ ಬೆಂಕಿ ಆರಿಸುವ ಸಿಲಿಂಡರು, ಒಂದೆರಡು ಒದ್ದೆ ಗೋಣಿಚೀಲ. ಎಣ್ಣೆಗೆ ಹೊತ್ತಿದ ಬೆಂಕಿಗೆ ನೀರು ಸುರಿಯಬಾರದು, ಬೆಂಕಿ ಚಿಮ್ಮಿ ಹರಡುತ್ತದೆ. ಒದ್ದೆ ಗೋಣಿ ಇರುವುದು ಹುಲ್ಲಿನ ಬೆಂಕಿಯನ್ನು ಬಡಿದು ಆರಿಸಲು.

ಕಾನೂನಿನ ಮಾತೂ ಇದೆ. 2021ರ ಡ್ರೋನ್ ನಿಯಮಗಳು ಮಾದರಿ ವಿಮಾನಗಳಿಗೂ ಅನ್ವಯಿಸುತ್ತವೆ. 25 ಕಿಲೋ ಮೀರದ, ಕಲಿಕೆ, ಸಂಶೋಧನೆ ಅಥವಾ ಹವ್ಯಾಸಕ್ಕಾಗಿ ಕಣ್ಣಿಗೆ ಕಾಣುವಷ್ಟು ದೂರದಲ್ಲೇ ಹಾರಿಸುವ ವಿಮಾನವನ್ನು ಅವು ಮಾದರಿ ವಿಮಾನವೆಂದು ಗುರುತಿಸುತ್ತವೆ. ಡಿಜಿಟಲ್ ಸ್ಕೈ ನಕ್ಷೆಯಲ್ಲಿ ಹಸಿರು ಬಣ್ಣದ ಪ್ರದೇಶದಲ್ಲಿ 400 ಅಡಿ, ಅಂದರೆ 120 ಮೀಟರ್ ಎತ್ತರದವರೆಗೆ ಹಾರಿಸಬಹುದು. ಶಿವಮೊಗ್ಗದ ಸೋಗಾನೆಯಲ್ಲಿ 2023ರಿಂದ ವಿಮಾನ ನಿಲ್ದಾಣವಿದೆ. ಹಾಗಾಗಿ ಈ ಭಾಗದವರೂ ಹಾರಿಸುವ ಮೊದಲು ನಕ್ಷೆ ನೋಡಿಕೊಳ್ಳುವುದು ಒಳ್ಳೆಯದು.

ಹಾಗಾದರೆ, ಎಣ್ಣೆ ಹೆಚ್ಚು ಬಿಟ್ಟರೆ?

ಒಂದು ಮಟ್ಟದವರೆಗೆ ಹೊಗೆ ಹೆಚ್ಚುತ್ತದೆ. ಆ ಮಟ್ಟವನ್ನು ನಿರ್ಧರಿಸುವುದು ಸೈಲೆನ್ಸರಿನ ಶಾಖ. ಅದನ್ನು ದಾಟಿದ ಮೇಲೆ ಬಿಟ್ಟ ಪ್ರತಿ ಹನಿಯೂ ಹೊಗೆಯನ್ನು ಕಡಿಮೆ ಮಾಡುತ್ತದೆ. ಥ್ರಾಟಲ್ ಇಳಿದರೆ ಎಣ್ಣೆಯೂ ಇಳಿಯಬೇಕು, ಎಂಜಿನ್ ಸುಮ್ಮನಾದರೆ ಎಣ್ಣೆ ನಿಲ್ಲಬೇಕು.

ಇದನ್ನೆಲ್ಲ ಹೇಳಿದ ಮೇಲೆ ದೊಡ್ಡಪ್ಪ ತಮ್ಮ ತೋಟದ ಕಡೆ ನೋಡಿ, "ಗಿಡ ಕುಡಿಯೋದಕ್ಕಿಂತ ಜಾಸ್ತಿ ನೀರು ಬಿಟ್ರೆ ಬೇರು ಕೊಳೆಯುತ್ತೆ, ಅದೇ ತಾನೆ?" ಎಂದರು. ಹೌದು ದೊಡ್ಡಪ್ಪ, ಅದೇ.